ಚಿತ್ರ ನನ್ನದು, ಹೆಸರು ಅಂಗಡಿಯದು

ನಾನು ಚಳ್ಳಕೆರೆ ಸೀಮೆಯ ಒಣ ಬೇಸಾಯಗಾರ. ಮಳೆ ಕೈಕೊಟ್ಟ ದಿನಗಳಲ್ಲಿ ಮೊಬೈಲಿನಲ್ಲೇ ನಗೆಚಿತ್ರ ಬರೆಯುತ್ತೇನೆ. ಶೇಂಗಾ ಗಿಡವೊಂದು ಮೋಡವನ್ನು "ಒಂದ್ ಗಳಿಗೆ ಕುಂತು, ನೀರು ಕುಡ್ದು ಹೋಗಣ್ಣ" ಎಂದು ಕರೆಯುವ ಚಿತ್ರ ವಾಟ್ಸಾಪಿನಲ್ಲಿ ಊರೂರು ಸುತ್ತಿತು.

ತಿಂಗಳಾದ ಮೇಲೆ ಅದೇ ಚಿತ್ರ ನನಗೇ ಬಂತು. ಮೂಲೆಯಲ್ಲಿದ್ದ ನನ್ನ ಹೆಸರು ಮಾಯ. ಆ ಜಾಗದಲ್ಲಿ ಕೀಟನಾಶಕದ ಅಂಗಡಿಯೊಂದರ ಹೆಸರು! "ಏನಣ್ಣಾ, ನೀನೂ ಆ ಅಂಗ್ಡಿ ಔಷ್ದಿ ಹೊಡೀತೀಯಾ?" ಎಂದು ಪಕ್ಕದ ಹೊಲದವನು ಕೇಳಿದ. ನಕ್ಕು ಹಂಚಿದರೆ ನನಗೆ ಸಂತೋಷವೇ. ಆದರೆ ನಾನು ಹೊಡೆಯದ ಔಷಧಿಗೆ ನನ್ನ ಚಿತ್ರ ಸಾಕ್ಷಿ ಹೇಳಬಾರದಲ್ಲ!

1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನಮ್ಮಷ್ಟಕ್ಕೆ ನಾವು ಬರೆದ ಚಿತ್ರದ ಹಕ್ಕು ಬರೆದಾಗಲೇ ನಮ್ಮದು. ನೋಂದಣಿ ಕಡ್ಡಾಯವಲ್ಲ. ಹಕ್ಕು ಮಾರಿದ ಮೇಲೂ 'ಬರೆದವನು ನಾನು' ಎನ್ನುವ ಅಧಿಕಾರ 57ನೇ ಕಲಮಿನಂತೆ ಉಳಿಯುತ್ತದೆ.

ಕೋರ್ಟು ಕಚೇರಿ ನಮ್ಮಂಥವರಿಗೆ ದೂರ. ಹಾಗಾಗಿ ಇಷ್ಟು ಮಾಡಿ:

* ಹೆಸರನ್ನು ಚಿತ್ರದೊಳಗೇ ಸೇರಿಸಿ. ನಾನೀಗ ಎತ್ತಿನ ಗಾಡಿಯ ಮೇಲೆ, ಗೋಣಿಚೀಲದ ಮೇಲೆ ಬರೆಯುತ್ತೇನೆ. ಕತ್ತರಿಸಿದರೆ ಚಿತ್ರವೇ ಕೆಡುತ್ತದೆ.
* ಮೂಲ ಚಿತ್ರವನ್ನು ಅಳಿಸಬೇಡಿ. ಅದರ ತಾರೀಖೇ ನಿಮ್ಮ ಸಾಕ್ಷಿ.
* ಬಳಸಿದವರಿಗೆ ಅದನ್ನು ತೋರಿಸಿ, 'ಹೆಸರು ಹಾಕಿ, ಇಲ್ಲವೇ ಚಿತ್ರ ತೆಗೆಯಿರಿ' ಎಂದು ಬರೆದು ಕೇಳಿ.

ವಾಟ್ಸಾಪಿನ ಬಾಣದ ಗುರುತು ಚಿತ್ರ ಬೇರೆ ಕಡೆಯಿಂದ ಬಂತೆಂದಷ್ಟೇ ಹೇಳುತ್ತದೆ, ಬರೆದವರು ಯಾರೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಕಳಿಸುವ ನಾವೇ. ಕಡ ತಂದು ಬಿತ್ತಿದ ಬೀಜವನ್ನು 'ಇಂಥವರ ಮನೆ ಬೀಜ' ಎನ್ನುತ್ತೇವೆ. ನಗೆಗೂ ಅಷ್ಟು ಮರ್ಯಾದೆ ಇರಲಿ.