ಕನ್ನಡ ಸಿನಿಮಾಕ್ಕೆ ಮಾತು ತಂದ ವ್ಯಾಪಾರಿ



ಬಂಗಾರಪೇಟೆ ರೈಲು ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಎಷ್ಟು ಭಾಷೆ ಕಿವಿಗೆ ಬೀಳುತ್ತವೆ! ಕನ್ನಡ, ತಮಿಳು, ತೆಲುಗು, ಉರ್ದು. ನಮ್ಮ ಕೆ.ಜಿ.ಎಫ್. ಬೆಳೆದದ್ದೇ ಹೊರಗಿನಿಂದ ಬಂದವರ ದುಡಿಮೆಯಿಂದ. ತಮಿಳು ನಾಡಿನಿಂದ, ತೆಲುಗು ನಾಡಿನಿಂದ ಜನ ಚಿನ್ನದ ಗಣಿಗೆ ಕೂಲಿಗೆ ಬಂದರು. 2001ರಲ್ಲಿ ಗಣಿ ಮುಚ್ಚಿತು. ಆದರೆ ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲಿಯವರೇ ಆಗಿಬಿಟ್ಟಿದ್ದಾರೆ.

ಕೂಲಿಗೆ ಬಂದವರ ಹಾಗೆ ವ್ಯಾಪಾರಕ್ಕೆ ಬಂದವರೂ ಇದ್ದಾರೆ. ಪೇಟೆಯಲ್ಲಿ ಸೇಟು ಅಂಗಡಿ ನೀವು ನೋಡಿದ್ದೀರಿ. ಸೇಟು ಅಂದ ಕೂಡಲೇ ನಮಗೆ ನೆನಪಾಗುವುದು ಅಡವು, ಬಡ್ಡಿ, ಅಲ್ಲವಾ? ಹಾಗೆ ಬಂದ ಒಬ್ಬ ವ್ಯಾಪಾರಿಯ ಬೇರೆ ರೀತಿಯ ಕಥೆ ಇಲ್ಲಿದೆ.

ಅವರ ಹೆಸರು ಚಮನ್‌ಲಾಲ್ ಡುಂಗಾಜಿ. ಊರು ದೂರದ ರಾಜಸ್ಥಾನ. ಮನೆಮಾತು ಕನ್ನಡ ಅಲ್ಲ. ವ್ಯಾಪಾರ ಮಾಡಲು ಬೆಂಗಳೂರಿಗೆ ಬಂದರು. ಆದರೆ ಅವರಿಗೆ ಕಲೆಯ ಮೇಲೆ ಪ್ರೀತಿ ಇತ್ತು.

ಆ ಕಾಲದಲ್ಲಿ ಸಿನಿಮಾ ಹೇಗಿತ್ತು ಗೊತ್ತೇ? ಪರದೆಯ ಮೇಲೆ ಚಿತ್ರ ಓಡುತ್ತಿತ್ತು. ಮಾತು ಇರಲಿಲ್ಲ. ಅದಕ್ಕೆ ಮೂಕಿ ಚಿತ್ರ ಅನ್ನುತ್ತಿದ್ದರು. ನಡುನಡುವೆ ಪರದೆಯ ಮೇಲೆ ಅಕ್ಷರ ಬರುತ್ತಿತ್ತು. ಓದು ಬಂದವರು ಓದಿಕೊಳ್ಳುತ್ತಿದ್ದರು. ಓದು ಬಾರದವರಿಗೆ ಬೇರೆಯವರು ಓದಿ ಹೇಳಬೇಕಾಗಿತ್ತು. ಆಗ ಓದು ಬಂದ ಹೆಂಗಸರು ಎಷ್ಟು ಜನ ಇದ್ದರು? ಬಹಳ ಕಡಿಮೆ.

1931ರಲ್ಲಿ ಮುಂಬಯಿಯಲ್ಲಿ 'ಆಲಂ ಆರಾ' ಎಂಬ ಚಿತ್ರ ಬಂತು. ಅದು ನಮ್ಮ ದೇಶದ ಮೊದಲನೆಯ ಮಾತಿನ ಚಿತ್ರ. ಆಮೇಲೆ ತಮಿಳಿನಲ್ಲಿ, ತೆಲುಗಿನಲ್ಲಿ ಚಿತ್ರಗಳು ಮಾತಾಡಿದವು. ಕನ್ನಡದ ಚಿತ್ರ ಇನ್ನೂ ಬಂದಿರಲಿಲ್ಲ.

ಚಮನ್‌ಲಾಲರು ಆ ಕೆಲಸಕ್ಕೆ ಕೈ ಹಾಕಿದರು. ಸೌತ್ ಇಂಡಿಯಾ ಮೂವಿಟೋನ್ ಎಂಬ ಕಂಪನಿ ಕಟ್ಟಿದರು. ರಾಮಾಯಣದಲ್ಲಿ ಬರುವ ಇಂದ್ರಜಿತುವಿನ ಹೆಂಡತಿ ಸುಲೋಚನಳ ಕಥೆಯನ್ನು ಆರಿಸಿದರು. ಮಾತು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. ನಿರ್ದೇಶನ ಮಾಡಿದವರು ವೈ.ವಿ. ರಾವ್. ನಾಟಕದ ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು ಆದರು. ಆರ್. ನಾಗೇಂದ್ರರಾಯರು ರಾವಣ ಆದರು.

ಸುಲೋಚನಳ ಪಾತ್ರ ಮಾಡಿದವರು ತ್ರಿಪುರಾಂಬ. ನಾಟಕದಲ್ಲಿ ಹೆಣ್ಣಿನ ಪಾತ್ರವನ್ನು ಬಹಳ ಕಾಲ ಗಂಡಸರೇ ಮಾಡುತ್ತಿದ್ದರು. ಹೆಂಗಸು ಬಣ್ಣ ಹಚ್ಚಿದರೆ ಜನ ಹಗುರವಾಗಿ ಆಡಿಕೊಳ್ಳುತ್ತಿದ್ದರು. ಅಂಥ ಕಾಲದಲ್ಲಿ ಈ ತಾಯಿ ಮುಂದೆ ಬಂದರು. ತೆರೆಗೆ ಬಂದ ಮೊದಲ ಕನ್ನಡ ಮಾತಿನ ಚಿತ್ರದ ನಾಯಕಿ ಅವರೇ.

ಚಿತ್ರ ತೆಗೆಯಲು ಎಲ್ಲರೂ ಮಹಾರಾಷ್ಟ್ರದ ಕೊಲ್ಹಾಪುರಕ್ಕೆ ಹೋದರು. ಅಲ್ಲಿ ಛತ್ರಪತಿ ಸಿನಿಟೋನ್ ಎಂಬ ಸ್ಟುಡಿಯೋ ಇತ್ತು. ಸುಮಾರು ಎರಡು ತಿಂಗಳು ಕೆಲಸ ನಡೆಯಿತು. ಸುಮಾರು 40,000 ರೂಪಾಯಿ ಖರ್ಚಾಯಿತು. ಆ ಕಾಲಕ್ಕೆ ಅದು ದೊಡ್ಡ ಗಂಟು. ಆ ಹಣ ಬಡ್ಡಿಗೆ ಬಿಟ್ಟಿದ್ದರೆ ಖಂಡಿತ ಬೆಳೆಯುತ್ತಿತ್ತು. ಸಿನಿಮಾಕ್ಕೆ ಹಾಕಿದರೆ ಬಂದರೆ ಬಂತು, ಹೋದರೆ ಹೋಯಿತು. ಆದರೂ ಅವರು ಹಿಂದೆ ಸರಿಯಲಿಲ್ಲ.

1934ನೇ ಇಸವಿ ಮಾರ್ಚ್ 3ರಂದು 'ಸತಿ ಸುಲೋಚನ' ಬೆಂಗಳೂರಿನಲ್ಲಿ ಬಿಡುಗಡೆ ಆಯಿತು. ಸಿಟಿ ಮಾರ್ಕೆಟ್ ಹತ್ತಿರ ಪ್ಯಾರಾಮೌಂಟ್ ಎಂಬ ಟಾಕೀಸ್ ಇತ್ತು. ಅಲ್ಲಿ ಆರು ವಾರ ಓಡಿತು. ಪರದೆಯ ಮೇಲಿನವರು ಕನ್ನಡ ಮಾತಾಡಿದರು, ಕನ್ನಡದಲ್ಲಿ ಹಾಡಿದರು. ಅಕ್ಷರ ಬಾರದ ಹೆಣ್ಣುಮಕ್ಕಳಿಗೂ ಕಥೆ ಅರ್ಥವಾಯಿತು. ಪಕ್ಕದವರು ಓದಿ ಹೇಳುವ ಗೋಜು ಇರಲಿಲ್ಲ.

ಇನ್ನೊಂದು ಮಾತು ಕೇಳಿ. ಆ ಚಿತ್ರ ಈಗ ನೋಡಲು ಸಿಗುವುದಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ತ್ರಿಪುರಾಂಬ ಆಡಿದ ಮಾತು ಗಾಳಿಗೆ ಹೋಯಿತು. ಉಳಿದದ್ದು ಬರೆದಿಟ್ಟದ್ದು ಮಾತ್ರ. ಯಾರೋ ಬರೆದಿಟ್ಟರು, ನಾವು ಓದಿದೆವು, ಈಗ ನೀವೂ ಓದುತ್ತಿದ್ದೀರಿ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಹೀಗೆ ಹೇಳಿದರು: "ಮೊದಲು ಸಿನಿಮಾದಲ್ಲಿ ಹೆಸರು ಬರೋವಾಗ ಕಥೆ ಯಾವಾಗ ಶುರುವಾಗುತ್ತೋ ಅಂತ ಕಾಯ್ತಿದ್ದೆ. ಈಗ ಹೆಸರು ಓದೋಕೆ ಕಾಯ್ತೀನಿ." ಕೇಳಿ ನಮಗೆ ಬಹಳ ಸಂತೋಷವಾಯಿತು.

ಮುಂದಿನ ಸಲ ಸಿನಿಮಾ ನೋಡುವಾಗ ನೀವೂ ಹೆಸರುಗಳನ್ನು ಓದಿ. ಹೊರಗಿನಿಂದ ಬಂದು ನಮ್ಮ ಭಾಷೆಗಾಗಿ ಗಂಟು ಬಿಚ್ಚಿದ ಚಮನ್‌ಲಾಲರನ್ನು ನೆನೆಯಿರಿ. ಧೈರ್ಯವಾಗಿ ಮುಂದೆ ಬಂದ ತ್ರಿಪುರಾಂಬ ಅವರನ್ನೂ ನೆನೆಯಿರಿ. ನಿಮ್ಮ ಬೀದಿಗೆ ಹೊರಗಿನಿಂದ ಯಾರಾದರೂ ಬಂದು ನೆಲೆಸಿದರೆ, ಎಲ್ಲಿಯವರೋ ಏನೋ ಅಂತ ದೂರ ಇಡಬೇಡಿ. ಮಾತಾಡಿಸಿ.