ಸಹಿಗೆ ಮೊದಲು ಕೇಳಬೇಕಾದ ಮಾತು

ನಾನು ವೈದ್ಯನಲ್ಲ. ಹೈದರಾಬಾದಿನ ಕಾಚಿಗುಡದಲ್ಲಿ ನೆಲೆಸಿ, ಕನ್ನಡದ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಆದರೂ ಈ ಊರಿನ ಒಂದು ವೈದ್ಯಕೀಯ ವಿದ್ಯಾಲಯದಲ್ಲಿ ಹೊಸ ಔಷಧವೊಂದನ್ನು ರೋಗಿಗಳಿಗೆ ಕೊಟ್ಟು ನೋಡಬೇಕೆಂದರೆ, ಆಗಲಿ ಅಥವಾ ಬೇಡ ಎನ್ನುವವರ ಸಾಲಿನಲ್ಲಿ ನಾನೂ ಕೂರುತ್ತೇನೆ. ಆ ಸಾಲಿಗೆ ಎಥಿಕ್ಸ್ ಕಮಿಟಿ ಎಂದು ಹೆಸರು. 2019ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟಾದರೂ ಜನ ಆ ಸಂಸ್ಥೆಗೆ ಸೇರದವರಾಗಿರಬೇಕು, ಒಬ್ಬ ಮಹಿಳೆಯಾದರೂ ಇರಬೇಕು. ವೈದ್ಯಕೀಯದ ಗಂಧವಿಲ್ಲದ ಒಬ್ಬ ಸಾಮಾನ್ಯ ನಾಗರಿಕನೂ ಇರಲೇಬೇಕು. ಆ ಜಾಗ ನನ್ನದು. ರೋಗಿಯ ಕೈಗೆ ಹೋಗುವ ಕಾಗದವನ್ನು ರೋಗಿಯೇ ಆಗಿ ಓದುವುದು ನನ್ನ ಕೆಲಸ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹಾಗೆ ಬಂದವರಲ್ಲಿ ಕೆಲವರು ನನ್ನ ಮನೆಗೂ ಬರುತ್ತಾರೆ. "ಮಾಸ್ತರ್ರ, ದವಾಖಾನ್ಯಾಗ ಅದೇನೋ ಟ್ರಯಲ್ ಅಂತಾರ, ಸೇರ್ರಿ ಅಂತಾರ. ನಮ್ಮ ಮ್ಯಾಲ ಪ್ರಯೋಗ ಮಾಡ್ತಾರೇನ್ರಿ?" ಎಂದು ಕೇಳುತ್ತಾರೆ. ಹೌದು, ಪ್ರಯೋಗವೇ. ಅದನ್ನು ಮರೆಮಾಚಿ ಮಾತಾಡುವ ವೈದ್ಯರನ್ನು ನಾನು ಒಪ್ಪುವುದಿಲ್ಲ. ಆದರೆ ಪ್ರಯೋಗ ಎಂದರೇನು, ಯಾಕೆ ಬೇಕು ಎಂಬುದನ್ನೂ ತಿಳಿಯದೆ ಹೆದರಿ ಓಡುವುದು ಸರಿಯಲ್ಲ.

ಮದ್ದು ಕೊಟ್ಟೆವು, ರೋಗಿಗೆ ಗುಣವಾಯಿತು. ಮದ್ದಿನಿಂದಲೇ ಗುಣವಾಯಿತೆಂದು ಹೇಗೆ ಹೇಳುವುದು? ತಾನಾಗಿಯೇ ವಾಸಿಯಾಗುವ ಕಾಯಿಲೆಗಳು ಎಷ್ಟೋ ಇವೆ. ಆದ್ದರಿಂದ ಮದ್ದು ಪಡೆದವರ ಪಕ್ಕದಲ್ಲಿ, ಅವರಂಥವರೇ ಆದ, ಮದ್ದು ಪಡೆಯದ ಇನ್ನೊಂದು ಗುಂಪು ಬೇಕು. ಟ್ರಯಲ್‌ನ ಜೀವಾಳ ಈ ಹೋಲಿಕೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಔಷಧದ್ದಲ್ಲ, ಉಪ್ಪಿಟ್ಟಿನದು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡಂತೆ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1987ರಿಂದ 1990ರವರೆಗೆ ಅಲ್ಲಿನ ಸಂಶೋಧಕರು ಹೈದರಾಬಾದಿನ ಸುತ್ತಲ 29 ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಸರ್ಕಾರದ ಅಂಗನವಾಡಿ ಯೋಜನೆ ಆಗ ಹಂತಹಂತವಾಗಿ ಹಬ್ಬುತ್ತಿತ್ತು. ಅದು ಮೊದಲು ತಲುಪಿದ 15 ಹಳ್ಳಿಗಳಲ್ಲಿ ಬಸುರಿ, ಬಾಣಂತಿಯರಿಗೆ, ಚಿಕ್ಕ ಮಕ್ಕಳಿಗೆ ದಿನವೂ ಮೆಕ್ಕೆಜೋಳ–ಸೋಯಾ ಮಿಶ್ರಣದ ಉಪ್ಪಿಟ್ಟು ಸಿಗುತ್ತಿತ್ತು. ಇನ್ನೂ ತಲುಪದ 14 ಹಳ್ಳಿಗಳು ಹೋಲಿಕೆಗೆ ಉಳಿದವು. ಆ ಮಕ್ಕಳು 13ರಿಂದ 18 ವರ್ಷದವರಾದಾಗ ಸಂಶೋಧಕರು ಮತ್ತೆ ಅದೇ ಹಳ್ಳಿಗಳಿಗೆ ಹೋಗಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಅಳೆದರು. ಉಪ್ಪಿಟ್ಟು ಸಿಕ್ಕ ಹಳ್ಳಿಗಳವರು ಸರಾಸರಿ 14 ಮಿಲಿಮೀಟರ್ ಹೆಚ್ಚು ಎತ್ತರವಿದ್ದರು. ಇನ್ಸುಲಿನ್‌ಗೆ ಅವರ ಮೈ ಉತ್ತಮವಾಗಿ ಸ್ಪಂದಿಸುತ್ತಿತ್ತು, ಅಂದರೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆ ಎನ್ನುವ ಸೂಚನೆ. ಅವರ ರಕ್ತನಾಳಗಳ ಬಿಗಿತವೂ ಕಡಿಮೆಯಿತ್ತು. ತಾಯಿಯ ಹೊಟ್ಟೆಯಲ್ಲಿದ್ದಾಗಲೂ ಎಳವೆಯಲ್ಲೂ ಸಿಕ್ಕ ಒಂದಿಷ್ಟು ಆಹಾರದ ಫಲ ಹರೆಯದಲ್ಲಿ ಕಂಡಿತು. ಹೋಲಿಕೆಯ 14 ಹಳ್ಳಿಗಳು ಇಲ್ಲದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಯಾವ ಹಳ್ಳಿಗೆ ಉಪ್ಪಿಟ್ಟು ಎಂಬುದನ್ನು ಅಲ್ಲಿ ಸರ್ಕಾರದ ಕ್ರಮವೇ ತೀರ್ಮಾನಿಸಿತ್ತು. ಔಷಧದ ಟ್ರಯಲ್‌ನಲ್ಲಿ ಅದೂ ಸಾಲದು. ಚೀಟಿ ಎತ್ತಿದ ಹಾಗೆ, ಯಾರ ಕೈವಾಡವೂ ಇಲ್ಲದೆ ಕಂಪ್ಯೂಟರ್ ಗುಂಪು ಮಾಡುತ್ತದೆ. ಇಲ್ಲದಿದ್ದರೆ ವೈದ್ಯರು ತಮಗೆ ಗೊತ್ತಿಲ್ಲದೆಯೇ ಗಟ್ಟಿಮುಟ್ಟಾದವರನ್ನು ಹೊಸ ಔಷಧದ ಗುಂಪಿಗೆ ಸೇರಿಸಿಯಾರು. ಎಷ್ಟೋ ಟ್ರಯಲ್‌ಗಳಲ್ಲಿ ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಔಷಧದಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆಗೋ ಸೂಜಿಗೋ ಪ್ಲಸೀಬೊ ಎನ್ನುತ್ತಾರೆ. ಒಳ್ಳೆಯ ಚಿಕಿತ್ಸೆ ಆಗಲೇ ಇರುವ ಗಂಭೀರ ಕಾಯಿಲೆಯಲ್ಲಿ ರೋಗಿಯನ್ನು ಬರೀ ಪ್ಲಸೀಬೊ ಮೇಲೆ ಬಿಡುವಂತಿಲ್ಲ. ಇರುವ ಔಷಧದ ಜೊತೆಗೇ ಹೊಸದನ್ನು ಹೋಲಿಸಬೇಕು. ಸಮಿತಿಯಲ್ಲಿ ನಾವು ಹೆಚ್ಚು ಹೊತ್ತು ವಾದ ಮಾಡುವುದು ಇದರ ಮೇಲೆಯೇ.

ಟ್ರಯಲ್ ಸಾಗುವ ಹಂತಗಳ ಬಗ್ಗೆ ಹೇಳಲು ಕೋವಿಡ್ ಲಸಿಕೆ ಕೋವ್ಯಾಕ್ಸಿನ್‌ಗಿಂತ ಹತ್ತಿರದ ಕಥೆ ಇಲ್ಲ. ಲಸಿಕೆ ಇದೇ ಊರಿನ ಭಾರತ್ ಬಯೋಟೆಕ್‌ನದು, ವೈರಾಣು ಪುಣೆಯ ಪ್ರಯೋಗಾಲಯದ್ದು. 2020ರ ಜುಲೈನಲ್ಲಿ ಮೊದಲ ಹಂತಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆರಿಸಿದ 12 ಆಸ್ಪತ್ರೆಗಳಲ್ಲಿ ಪಂಜಗುಟ್ಟದ ನಿಮ್ಸ್ ಒಂದು, ನಮ್ಮ ಬೆಳಗಾವಿಯದೂ ಒಂದು. ಮೊದಲ ಹಂತದಲ್ಲಿ ಸೇರಿದವರು 375 ಆರೋಗ್ಯವಂತರು. ಅಲ್ಲಿ ಮುಖ್ಯವಾಗಿ ಕೇಳಿದ್ದು ಇದು ಸುರಕ್ಷಿತವೇ ಎಂದು. ಎರಡನೆಯದರಲ್ಲಿ 380 ಮಂದಿ, ಯಾವ ಪ್ರಮಾಣ ಸರಿ, ಮೈಯಲ್ಲಿ ರಕ್ಷಣೆ ಹುಟ್ಟುತ್ತದೆಯೇ ಎಂದು ನೋಡಲು. ಮೂರನೆಯದರಲ್ಲಿ 25,798 ಮಂದಿ, ರೋಗವನ್ನು ನಿಜಕ್ಕೂ ತಡೆಯುತ್ತದೆಯೇ ಎಂದು ತಿಳಿಯಲು. ಕೊನೆಗೆ ಲೆಕ್ಕಕ್ಕೆ ಸಿಕ್ಕವರಲ್ಲಿ 130 ಮಂದಿಗೆ ಕೋವಿಡ್ ಬಂತು: ಲಸಿಕೆ ಪಡೆದವರಲ್ಲಿ 24, ಪ್ಲಸೀಬೊ ಪಡೆದವರಲ್ಲಿ 106. ಗುಂಪುಗಳು ಹೆಚ್ಚುಕಡಿಮೆ ಸಮ. ನೂರಕ್ಕೆ 77.8ರಷ್ಟು ರಕ್ಷಣೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಇಲ್ಲಿ ನನ್ನ ಬೇಸರವೊಂದನ್ನು ಹೇಳಲೇಬೇಕು. ಆಗಸ್ಟ್ 15ರ ಹೊತ್ತಿಗೆ ಲಸಿಕೆ ಹೊರಬರಬೇಕೆಂದು ಜುಲೈ ಮೊದಲ ವಾರವೇ ಆಸ್ಪತ್ರೆಗಳಿಗೆ ಪತ್ರ ಹೋಯಿತು. 2021ರ ಜನವರಿ 3ರಂದು, ಮೂರನೆಯ ಹಂತದ ಫಲಿತಾಂಶ ಬರುವ ಮೊದಲೇ, ತುರ್ತು ಬಳಕೆಗೆ ಅನುಮತಿಯೂ ಸಿಕ್ಕಿತು. ಲಸಿಕೆ ಒಳ್ಳೆಯದೆಂದೇ ಆಮೇಲೆ ತಿಳಿಯಿತು. ಆದರೆ ಆ ಆತುರ ಜನರ ಮನಸ್ಸಿನಲ್ಲಿ ಬಿತ್ತಿದ ಅನುಮಾನವನ್ನು ಕೀಳಲು ಆರೋಗ್ಯ ಕಾರ್ಯಕರ್ತೆಯರು ಮನೆಮನೆ ಅಲೆಯಬೇಕಾಯಿತು.

ಒಪ್ಪಿಗೆಯ ವಿಷಯಕ್ಕೆ ಬರುತ್ತೇನೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯಾದ ಗುಟ್ಟು ಬಿಡಿಸಿದ್ದು ಹುಸೇನ್ ಖಾನ್ ಎಂಬ ರೋಗಿಯ ರಕ್ತ ಕುಡಿದ ಸೊಳ್ಳೆಗಳಿಂದ. ಕಚ್ಚಿಸಿಕೊಂಡದ್ದಕ್ಕೆ ಅವನಿಗೆ ಸೊಳ್ಳೆಗೆ ಒಂದಾಣೆ ಸಿಕ್ಕಿತು. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ತನ್ನ ಮೇಲೆ ನಡೆಯುತ್ತಿರುವುದೇನೆಂದು ಹುಸೇನ್ ಖಾನನಿಗೆ ಯಾರಾದರೂ ವಿವರಿಸಿ ಒಪ್ಪಿಗೆ ಕೇಳಿದ್ದರೇ?

ಅದು ಹಳೆಯ ಕಾಲ ಎನ್ನೋಣ. ಆದರೆ 2009ರಲ್ಲಿ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಅಧ್ಯಯನಕ್ಕಾಗಿ ಶಾಲಾ ಬಾಲಕಿಯರಿಗೆ ಹಾಕಿದರು. ಅವರಲ್ಲಿ ಭದ್ರಾಚಲಂ ಕಡೆಯ ಆದಿವಾಸಿ ಹಾಸ್ಟೆಲ್‌ಗಳ ಹುಡುಗಿಯರೂ ಇದ್ದರು. ಎಷ್ಟೋ ಕಡೆ ತಂದೆತಾಯಿಯ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು, ಅದನ್ನು ನಾನು ನಂಬುತ್ತೇನೆ. ಆದರೂ 2010ರಲ್ಲಿ ಆ ಕೆಲಸ ನಿಂತಿತು, 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಖಂಡಿಸಿತು. ಒಳ್ಳೆಯ ಲಸಿಕೆಯನ್ನೂ ಕೆಟ್ಟ ಒಪ್ಪಿಗೆ ಹಾಳುಮಾಡಬಲ್ಲದು. ಅಂದಿನಿಂದ ಒಪ್ಪಿಗೆಯ ಕಾಗದ, ಅಂದರೆ ಕನ್ಸೆಂಟ್ ಫಾರ್ಮ್, ಕೈಗೆ ಬಂದಾಗಲೆಲ್ಲ ಆ ಹುಡುಗಿಯರ ತಾಯಂದಿರಿಗೆ ಇದು ಅರ್ಥವಾಗುತ್ತಿತ್ತೇ ಎಂದು ಕೇಳಿಕೊಂಡು ಓದುತ್ತೇನೆ.

ಈಗಿನ ನಿಯಮ ಬಿಗಿಯಾಗಿದೆ. ಫಾರ್ಮ್ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ವಿವರಿಸುವಾಗ ಮೊದಲಿನಿಂದ ಕೊನೆಯವರೆಗೂ ಆಸ್ಪತ್ರೆಗೆ ಸಂಬಂಧಿಸದ ಸಾಕ್ಷಿಯೊಬ್ಬರು ಜೊತೆಗಿರಬೇಕು. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಶಾಶ್ವತ ಹಾನಿಯಾದರೆ ಪರಿಹಾರ, ಸಾವಾದರೆ ಮನೆಯವರಿಗೆ ಪರಿಹಾರ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಅದಕ್ಕಾಗಿ ನಿಮ್ಮ ಮಾಮೂಲು ಚಿಕಿತ್ಸೆಗೆ ಕುತ್ತು ಬರಬಾರದು. ದೇಶದ ಪ್ರತಿ ಔಷಧ ಟ್ರಯಲ್ ಶುರುವಾಗುವ ಮೊದಲೇ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ನಮೂದಾಗಿರಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ನಿಮ್ಮ ಮನೆಯ ಓದುವ ಹುಡುಗರು ಫೋನಿನಲ್ಲೇ ನೋಡಿ ಹೇಳಬಲ್ಲರು.

ನಿಯಮ ಕಾಗದದಲ್ಲಿದ್ದರೆ ಸಾಲದು, ಕೇಳುವವರು ಬೇಕು. ಇಲ್ಲಿನ ಆಸ್ಪತ್ರೆಗಳಲ್ಲಿ ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಫಾರ್ಮ್ ಸುಲಭವಾಗಿ ಸಿಗುತ್ತವೆ. ಕನ್ನಡದ್ದು ಕೇಳಿದರೆ ಮಾತ್ರ ಬರುತ್ತದೆ. ಆದ್ದರಿಂದ ಗಡಿ ದಾಟಿ ಬರುವ ನನ್ನವರಲ್ಲಿ ಒಂದು ಕೋರಿಕೆ. ಡಾಕ್ಟರ್ ದೊಡ್ಡವರು, ಹೇಗೆ ಕೇಳುವುದು ಎಂದು ಸಂಕೋಚಪಡಬೇಡಿ. ಕನ್ನಡದ ಫಾರ್ಮ್ ಕೊಡಿ ಎನ್ನಿ. ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು, ಅಪಾಯವೇನು, ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಲಿ ಎಂದು ಕೇಳಿ. ಮನೆಯವರೊಡನೆ ಮಾತಾಡಲು ಸಮಯ ತೆಗೆದುಕೊಳ್ಳಿ. ಮನಸ್ಸು ಒಪ್ಪಿದರೆ ಧೈರ್ಯವಾಗಿ ಸೇರಿ, ನಾಳಿನ ರೋಗಿಗಳಿಗೆ ಅದರಿಂದ ಉಪಕಾರವಾಗುತ್ತದೆ. ಸಹಿ ಹಾಕಿದ ಫಾರ್ಮಿನ ಒಂದು ಪ್ರತಿ ನಿಮಗೆ ಸೇರಬೇಕಾದದ್ದು. ಅದನ್ನು ಪಡೆಯದೆ ಎದ್ದು ಬರಬೇಡಿ.