ತಿರುಗಿ ಬರುವ ಮಾತು

ಪ್ರಶ್ನೆ: ಆವರ್ತನ, ಆವೃತ್ತಿ, ಪುನರಾವರ್ತನೆ ಮೂರೂ ಒಂದೇ ಅರ್ಥದವೇ?
– ಓದುಗರೊಬ್ಬರು, ಭದ್ರಾವತಿ

ಮೂರೂ ಹುಟ್ಟಿದ್ದು ಸಂಸ್ಕೃತದ ‘ವೃತ್’ ಧಾತುವಿನಿಂದ. ‘ಆ’ ಸೇರಿದರೆ ತಿರುಗಿ ಬರುವುದು ಎಂದರ್ಥ. ಬಳಕೆ ಮಾತ್ರ ಬೇರೆ ಬೇರೆ.

ಶಿವಮೊಗ್ಗದ ಯಾವುದಾದರೂ ಸಂಗೀತ ಪಾಠದ ಮನೆಗೆ ಹೋಗಿ ನೋಡಿ. ಆದಿತಾಳಕ್ಕೆ ಮಗು ತೊಡೆಯ ಮೇಲೆ ಒಂದು ಪೆಟ್ಟು ಹಾಕಿ, ಕಿರುಬೆರಳಿಂದ ಮೂರು ಬೆರಳು ಎಣಿಸಿ, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ ಹಾಕುತ್ತದೆ. ಎಂಟಾಯಿತು, ಒಂದು ಆವರ್ತನ. ಕೈ ಮತ್ತೆ ಮೊದಲ ಪೆಟ್ಟಿಗೇ ಬರಬೇಕು. ಆ ಮರಳುವಿಕೆಯೇ ಪದದ ಜೀವ.

ನಿಮ್ಮೂರಿನ ಆಕಾಶವಾಣಿಯ 675 ಕಿಲೋಹರ್ಟ್ಸ್ ಎಂಬುದೂ ಆವರ್ತನದ ಲೆಕ್ಕವೇ. ಅಲೆಯೊಂದು ಸೆಕೆಂಡಿಗೆ 6,75,000 ಸಲ ಏರಿಳಿದು ಮೊದಲಿನ ಸ್ಥಿತಿಗೆ ಬರುತ್ತದೆ. ಕೈಯಲ್ಲಿ ತಾಳ ಹಾಕಿ ಎಣಿಸಲು ಹೋಗಬೇಡಿ!

ಆವೃತ್ತಿ ಎಂದರೆ ಪುಸ್ತಕ ಮತ್ತೆ ಬರುವುದು, ಸಾಮಾನ್ಯವಾಗಿ ತಿದ್ದಿಕೊಂಡು. ಏನೂ ತಿದ್ದದಿದ್ದರೆ ಅದು ಮರುಮುದ್ರಣ. ನಮ್ಮ ಪ್ರಕಾಶಕರು ಎರಡನ್ನೂ ಕಲೆಸುವುದುಂಟು. ಪುನರಾವರ್ತನೆ ಎಂದರೆ ಮಾಡಿದ್ದನ್ನೇ ಮತ್ತೆ ಮಾಡುವುದು. ‘ಆವರ್ತನೆ’ಯಲ್ಲೇ ಮರಳುವ ಅರ್ಥವಿರುವಾಗ ‘ಪುನರ್’ ಯಾಕೆ ಎಂದು ಕೇಳಬಹುದು. ತಕರಾರು ಸರಿಯೇ, ಆದರೆ ರೂಢಿ ಗೆದ್ದಿದೆ. ‘ಮತ್ತೆ ಪುನರಾವರ್ತನೆ’ ಎಂದು ಬರೆಯುವವರಿಗೆ ಮಾತ್ರ ನನ್ನ ಕ್ಷಮೆಯಿಲ್ಲ.

ಇನ್ನು 1923ರಲ್ಲಿ ಶುರುವಾದ ನಿಮ್ಮ ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗೆ ಇದ್ಯಾವುದೂ ಬೇಕಿರಲಿಲ್ಲ. ದಿನವೂ ಸರದಿಯಂತೆ ಬರುವ ದುಡಿಮೆಗೆ ಅವರ ಬಾಯಲ್ಲಿದ್ದದ್ದು ಎರಡೇ ಅಕ್ಷರ: ಪಾಳಿ.